ಮಾವಿನ ಕೊಂಬೆ ಮತ್ತು ಮಳೆಮಾಪಕ

ತಂಗೀ, ಅಹಮದಾಬಾದಿಗೆ ಹೊರಟಿದ್ದೀಯಂತೆ. ಉಪಗ್ರಹದಲ್ಲಿ ಕೂತು ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯುವ ಉಪಕರಣಗಳ ಲೆಕ್ಕ ಸರಿಯಿದೆಯೇ ಎಂದು ನೋಡುವ ವಿದ್ಯೆ ಕಲಿಯಲು. ಕಾರವಾರದಲ್ಲಿ ನಿನ್ನ ಸೋದರಮಾವ 'ರಾಕೆಟ್ ಹಾರಿಸ್ತಾಳೆ' ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಹಾರಿಸುವವರು ಬೇರೆ. ನಿನ್ನದು ತೂಕದ ಕಲ್ಲು ಪರೀಕ್ಷಿಸುವವರ ಕೆಲಸ. ಅದಕ್ಕೆ ಚಪ್ಪಾಳೆ ಬೀಳುವುದಿಲ್ಲ, ಈಗಲೇ ತಿಳಿದಿರು.

ನನ್ನ ಮಾನ ಹೋದ ಕತೆಯೊಂದನ್ನು ಹೇಳುತ್ತೇನೆ. ಅಂಕೋಲೆಯ ಮನೆಯಂಗಳದಲ್ಲಿ ಮಳೆಮಾಪಕ ಇಟ್ಟು ದಿನಾ ಬೆಳಿಗ್ಗೆ ಪುಸ್ತಕದಲ್ಲಿ ಬರೆಯುವ ಚಟ ನನಗೆ. ಒಂಬತ್ತು ವರ್ಷದ ಅಂಕಿ ಮೆಲ್ಲಗೆ ಇಳಿಯುತ್ತ ಬಂತು. ಭೌತಶಾಸ್ತ್ರದ ಮಾಸ್ತರ ನಾನು. ಊರಿನಲ್ಲಿ ಮಳೆ ಕಡಿಮೆಯಾಗುತ್ತಿದೆ ಎಂದು ಸಭೆಯಲ್ಲಿ ಭಾಷಣವನ್ನೂ ಬಿಗಿದೆ. ಆಮೇಲೆ ಕರಿ ಇಶಾಡ ಮಾವು ಕೊಯ್ಯಲು ಬಂದ ಆಳು ಮರದ ಮೇಲಿನಿಂದಲೇ ಕೇಳಿದ: 'ಮಾಸ್ತರೇ, ನಿಮ್ಮ ಡಬ್ಬಿ ಕೊಂಬೆಯ ಅಡಿಗೆ ಬಂತಲ್ಲ?' ಡಬ್ಬಿ ಎಲ್ಲಿಗೂ ಬಂದಿರಲಿಲ್ಲ. ಕೊಂಬೆ ವರ್ಷಕ್ಕಿಷ್ಟು ಚಾಚಿ ಅದರ ಮೇಲೆ ಹೋಗಿತ್ತು.

ಉಪಕರಣ ಒಮ್ಮೆಲೇ ಕೆಟ್ಟರೆ ಭಯವಿಲ್ಲ, ಗೊತ್ತಾಗುತ್ತದೆ. ಮೆಲ್ಲಗೆ ಒಂದೇ ಕಡೆಗೆ ಜಾರಿದರೆ ಅದು ಪ್ರಕೃತಿಯ ಸುದ್ದಿಯಂತೆಯೇ ಕಾಣುತ್ತದೆ. 2014ರ ಜುಲೈ 2ರಂದು ನಾಸಾ ಹಾರಿಸಿದ ಓಸಿಓ-2 ಉಪಗ್ರಹವನ್ನೇ ನೋಡು. ಭೂಮಿಗೆ ಬಡಿದು ಮರಳುವ ಬಿಸಿಲಿನಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ನುಂಗಿತು, ಆಮ್ಲಜನಕ ಎಷ್ಟು ನುಂಗಿತು ಎಂದು ಅಳೆದು ಒಂದರಿಂದ ಇನ್ನೊಂದನ್ನು ಭಾಗಿಸುವುದು ಅದರ ಲೆಕ್ಕ. ಆ ಆಮ್ಲಜನಕದ ಬೆಳಕು ಹಿಡಿಯುವ ಸಂವೇದಕದ ಮೇಲೆ ತೆಳುವಾಗಿ ಹಿಮ ಕೂರುತ್ತಿತ್ತು. ಆಗಾಗ ಬಿಸಿ ಮಾಡಿ ಅದನ್ನು ಓಡಿಸಬೇಕಾಯಿತು. ಅವರಿಗೆ ಹಿಮ, ನನಗೆ ಇಶಾಡದ ಕೊಂಬೆ.

ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನಾನೂರು ಚಿಲ್ಲರೆ ಪಾಲು ಇರುವ ಅನಿಲ ಇಂಗಾಲದ ಡೈಆಕ್ಸೈಡ್. ಅದರಲ್ಲಿ ಒಂದು ಪಾಲಿನ ವ್ಯತ್ಯಾಸ ಹಿಡಿಯಬೇಕು, ಏಕೆಂದರೆ ವರ್ಷದ ಏರಿಕೆಯೇ ಸುಮಾರು ಎರಡೂವರೆ ಪಾಲು. ಮೀನು ಪೇಟೆಯಲ್ಲಿ ನಾನೂರು ಗ್ರಾಂ ಬಂಗಡೆ ತೂಗಿ ಒಂದು ಗ್ರಾಂ ಹೆಚ್ಚುಕಡಿಮೆ ಎಂದರೆ ಯಾರೂ ತಲೆ ಎತ್ತುವುದಿಲ್ಲ. ನೀನು ಎತ್ತಬೇಕು.

ಉಪಗ್ರಹದೊಳಗೆ ಹೋಲಿಕೆಗೆ ದೀಪಗಳಿವೆ, ಆದರೆ ದೀಪಕ್ಕೂ ವಯಸ್ಸಾಗುತ್ತದೆ. ಹಾಗಾಗಿ ಅದು ಸೂರ್ಯನನ್ನೂ ಚಂದ್ರನನ್ನೂ ನೋಡುತ್ತದೆ. ಚಂದ್ರನ ಮೈಗೆ ಮುಪ್ಪಿಲ್ಲ. ಅಷ್ಟೂ ಸಾಲದೆ ಅಮೆರಿಕದ ನೆವಾಡಾದಲ್ಲಿ ರೈಲ್‌ರೋಡ್ ವ್ಯಾಲಿ ಎಂಬ ಒಣಗಿದ ಕೆರೆಯಂಗಳಕ್ಕೆ ಜಪಾನಿನವರೂ ಅಮೆರಿಕದವರೂ ಬೇಸಿಗೆಯಲ್ಲಿ ಹೋಗಿ, ತಂತಮ್ಮ ಉಪಗ್ರಹ ತಲೆಯ ಮೇಲೆ ಹಾಯುವ ಹೊತ್ತಿಗೆ ಉಪಕರಣ ಹಿಡಿದು ನಡೆದು ನೆಲದ ಬೆಳಕನ್ನು ಅಳೆಯುತ್ತಾರೆ. ನಮ್ಮ ಕರಾವಳಿ ಅದಕ್ಕೆ ಒದಗದು. ಮಳೆಗಾಲವಿಡೀ ಮೋಡ; ಕಡಲೋ, ಉಪಗ್ರಹ ಅಳೆಯುವ ಅವಗೆಂಪು ಬೆಳಕಿನಲ್ಲಿ ಕಪ್ಪು. ಬಿಸಿಲು ಥಳಥಳಿಸುವ ಪಟ್ಟಿಯಷ್ಟೇ ಅದರ ಕಣ್ಣಿಗೆ ಕೆಲಸಕ್ಕೆ ಬರುತ್ತದೆ.

ಆದರೂ ನಮ್ಮ ಪಕ್ಕದಲ್ಲೇ ಒಂದು ಜಾಗವಿದೆ. ಮಾಜಾಳಿಯ ಗಡಿ ದಾಟಿ ಗೋವೆಯ ಕಾಣಕೋಣದ ಆಚೆ ಹೋದರೆ ಕಾಬೊ ದ ರಾಮ ಎಂಬ ಕಡಲಂಚಿನ ಗುಡ್ಡ. 1993ರಿಂದ ಅಲ್ಲಿನ ಗಾಳಿಯನ್ನು ಬಾಟಲಿಗಳಲ್ಲಿ ಹಿಡಿದು ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಪ್ರಯೋಗಾಲಯಕ್ಕೆ ಕಳಿಸಿದರು. ಜೊತೆಗಿದ್ದದ್ದು ನೀನು ಹೋಗುವ ಊರಿನದೇ ಸಂಶೋಧನಾಲಯ ಪಿಆರ್‌ಎಲ್. ಮಳೆಗಾಲದಲ್ಲಿ ಬರುವುದು ಕಡಲ ಗಾಳಿ, ಚಳಿಗಾಲದಲ್ಲಿ ನಮ್ಮ ನಾಡಿನ ಹೊಗೆ ಹೊತ್ತ ನೆಲದ ಗಾಳಿ. ಮೋಡ ಮುಚ್ಚಿ ಉಪಗ್ರಹ ಕುರುಡಾಗುವ ತಿಂಗಳಲ್ಲೂ ಬಾಟಲಿ ತುಂಬುತ್ತಿತ್ತು. ನಡುವೆ ಕೆಲವು ವರ್ಷ ಆ ಸಾಲು ಕಡಿದುಹೋಯಿತು. ಆ ವರ್ಷಗಳ ಗಾಳಿಯನ್ನು ಇನ್ನು ಯಾರೂ ತಂದುಕೊಡಲಾರರು. ಎಷ್ಟು ದೊಡ್ಡ ಉಪಗ್ರಹ ಬಂದರೂ ಬಾಟಲಿ ಹಿಡಿದು ಗುಡ್ಡ ಹತ್ತುವವನನ್ನು ಹಗುರ ಮಾಡಬೇಡ.

ತೂಕದ ಕಲ್ಲಿಗೂ ತಪ್ಪು ಬರುತ್ತದೆ. ಇಂಗಾಲದ ಡೈಆಕ್ಸೈಡಿಗೆ ಜಗತ್ತು ಒಪ್ಪಿದ ಮೂಲ ಅಳತೆ ಅಮೆರಿಕದ ಬೌಲ್ಡರ್‌ನಲ್ಲಿ ಗಾಳಿ ತುಂಬಿದ ಸಿಲಿಂಡರುಗಳಲ್ಲಿದೆ. ಅದನ್ನೇ ತಿದ್ದಿ 2019ರ ಮಾನ ಎಂದು ಹೊಸದು ತಂದರು. ನಾನೂರರ ಸುತ್ತಿನ ಅಂಕಿಗಳು ಸುಮಾರು 0.18 ಪಾಲು ಮೇಲೇರಿದವು. ತಿದ್ದಿದ್ದನ್ನು ಮುಚ್ಚಿಡಲಿಲ್ಲ, ನನಗೆ ಹಿಡಿಸಿದ್ದು ಅದು. ನಿನ್ನ ಅಂಕಿ ನಿನಗೆ ಖುಷಿ ಕೊಟ್ಟ ದಿನ ಇನ್ನೊಮ್ಮೆ ನೋಡು. ನನ್ನ ಭಾಷಣದ ದಿನ ನಾನು ನೋಡಲಿಲ್ಲ.

ಮಳೆಮಾಪಕವನ್ನು ಈಗ ಬಾವಿಯ ಆಚೆ ಬಯಲಿಗೆ ಇಟ್ಟಿದ್ದೇನೆ. ಆ ಒಂಬತ್ತು ವರ್ಷದ ಅಂಕಿಗಳನ್ನು ಅಳಿಸಿಲ್ಲ; ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಮರದಡಿ' ಎಂದು ಬರೆದಿದ್ದೇನೆ. ರಜೆಗೆ ಬಂದಾಗ ಪುಸ್ತಕ ತೋರಿಸುತ್ತೇನೆ.