ಸೋತ ತಂಡದ ಜರ್ಸಿ, ಮಾತು ಬಿಟ್ಟ ಗೆಳೆಯ

ಪ್ರಶ್ನೆ: ನಾವು ಆರ್.ಟಿ. ನಗರದವರು. ಮಗನಿಗೆ ಹದಿನೇಳು ವರ್ಷ, ಹೆಬ್ಬಾಳದ ಹತ್ತಿರ ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದಾನೆ. ಎಂಟನೇ ಕ್ಲಾಸಿನಿಂದಲೂ ಅವನಿಗೆ ನಮ್ಮ ಏರಿಯಾದ ಒಂದು ಫುಟ್‌ಬಾಲ್ ಕ್ಲಬ್ಬಿನ ಹುಚ್ಚು. ದೊಡ್ಡ ಕ್ಲಬ್ಬೇನಲ್ಲ, ಬೆಂಗಳೂರು ಜಿಲ್ಲಾ ಲೀಗಿನ ಕೆಳಗಿನ ಡಿವಿಷನ್ನಿನಲ್ಲಿ ಆಡುತ್ತದೆ. ಪಂದ್ಯಕ್ಕೆ ಐವತ್ತು ಜನ ಬಂದರೆ ಹೆಚ್ಚು. ಇವನು ಆಡುವುದೂ ಇಲ್ಲ, ಬರೀ ನೋಡೋದಕ್ಕೆ ಬಸ್ಸು ಹತ್ತಿ ಶಿವಾಜಿನಗರ ದಾಟಿ ಅಶೋಕನಗರದ ಸ್ಟೇಡಿಯಂವರೆಗೆ ಹೋಗುತ್ತಾನೆ. ಈ ಸಲ ತಂಡ ಇನ್ನೂ ಒಂದು ಡಿವಿಷನ್ ಕೆಳಗೆ ಬಿತ್ತು. ಅವತ್ತು ರಾತ್ರಿ ಊಟ ಮಾಡದೆ ಅತ್ತ. ಬೆಳಗ್ಗೆ ಎದ್ದವನು ಅದೇ ತಂಡದ ಜರ್ಸಿ ಹಾಕಿಕೊಂಡು ಟ್ಯೂಷನ್‌ಗೆ ಹೋದ.

ಅಷ್ಟೇ ಆಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ಪಕ್ಕದ ಬಡಾವಣೆಯ ಕ್ಲಬ್ಬಿಗೂ ಇವರದಕ್ಕೂ ಮೊದಲಿನಿಂದ ಆಗಿಬರುವುದಿಲ್ಲ. ಆ ಕ್ಲಬ್ಬಿನ ಜೊತೆಗಿನ ಪಂದ್ಯ ಮುಗಿದ ಮೇಲೆ ಹೊರಗೆ ತಳ್ಳಾಟ ಆಗಿ ತುಟಿ ಒಡೆದುಕೊಂಡು ಬಂದ. ಎದುರಿಗಿದ್ದ ಹುಡುಗರಲ್ಲಿ ಒಬ್ಬ ಇವನ ಹೈಸ್ಕೂಲ್ ಗೆಳೆಯ. ನಮ್ಮ ಮನೆಯಲ್ಲೇ ಎಷ್ಟೋ ದಿನ ಊಟ ಮಾಡಿದ ಮಗು. ಈಗ ಇಬ್ಬರೂ ಒಂದೇ ಕ್ಲಾಸಿನಲ್ಲಿದ್ದರೂ ಮಾತಿಲ್ಲ. ಅವನ ತಾಯಿ ಮತ್ತು ನಾನು ಒಂದೇ ಭಜನಾ ಮಂಡಳಿಯವರು, ನಾವೂ ಮುಖ ನೋಡಿಕೊಳ್ಳುವುದು ಕಷ್ಟವಾಗಿದೆ. ನಮ್ಮ ಯಜಮಾನರು ಆರ್‌ಸಿಬಿ ಅಭಿಮಾನಿ. ‘ನೋಡೋದಾದ್ರೆ ಕಂಠೀರವಕ್ಕೆ ಹೋಗಿ ಬಿಎಫ್‌ಸಿ ಮ್ಯಾಚ್ ನೋಡು, ಈ ಗಲ್ಲಿ ಟೀಮಿಗೆ ಯಾಕೆ ಒದೆ ತಿಂತೀಯ’ ಅಂತ ಬೈದು, ಅವನು ಪಂದ್ಯಕ್ಕೆ ಹೋಗುವುದನ್ನೇ ನಿಲ್ಲಿಸಿದ್ದಾರೆ. ಮಗ ಅಪ್ಪನ ಜೊತೆಯೂ ಮಾತು ಬಿಟ್ಟಿದ್ದಾನೆ. ಚಿನ್ನಸ್ವಾಮಿ ಸ್ಟೇಡಿಯಂ ಮುಂದೆ ಆದ ನೂಕುನುಗ್ಗಲು ನೆನಪಾದರೆ ನನಗೂ ಎದೆ ನಡುಗುತ್ತದೆ. ಇದನ್ನು ಬಿಡಿಸುವುದು ಹೇಗೆ?
– ಹೆಸರು ಬೇಡ, ಆರ್.ಟಿ. ನಗರ

ಉತ್ತರ: ಬಿಡಿಸಬೇಡಿ. ನಿಮ್ಮ ಪತ್ರದಲ್ಲಿ ಎರಡು ವಿಷಯಗಳು ಗಂಟು ಬಿದ್ದಿವೆ. ಒಂದು, ಮಗನಿಗೆ ಆ ತಂಡದ ಮೇಲಿರುವ ಪ್ರೀತಿ. ಇನ್ನೊಂದು, ಪಕ್ಕದ ಬಡಾವಣೆಯ ಮೇಲಿರುವ ಸಿಟ್ಟು. ಯಜಮಾನರು ಎರಡನ್ನೂ ಒಟ್ಟಿಗೆ ಕಿತ್ತು ಹಾಕಲು ಹೊರಟಿದ್ದಾರೆ. ಮೊದಲನೆಯದು ಉಳಿಯಬೇಕು. ಎರಡನೆಯದಕ್ಕೆ ಮಾತ್ರ ಮದ್ದು ಬೇಕು.

ಅವನು ಬೆಳಗ್ಗೆ ಜರ್ಸಿ ಹಾಕಿಕೊಂಡು ಹೋದ ಅಂತ ನೀವು ಕಳವಳದಿಂದ ಬರೆದಿದ್ದೀರಿ. ನನಗೆ ಅದನ್ನು ಓದಿ ಸಂತೋಷವಾಯಿತು. ರಾಬರ್ಟ್ ಚಾಲ್ಡೀನಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಕಾಲೇಜು ಹುಡುಗರನ್ನು ಗಮನಿಸಿ ಒಂದು ಅಧ್ಯಯನ ಮಾಡಿದ್ದರು. ಶನಿವಾರ ತಮ್ಮ ವಿಶ್ವವಿದ್ಯಾಲಯದ ತಂಡ ಗೆದ್ದರೆ ಸೋಮವಾರ ಅದರ ಹೆಸರಿನ ಅಂಗಿ ತೊಟ್ಟು ಬರುವವರು ಹೆಚ್ಚು, ಸೋತರೆ ಕಡಿಮೆ. ಗೆದ್ದವರ ಬೆಳಕಿನಲ್ಲಿ ನಿಲ್ಲುವುದು ಮನುಷ್ಯಸಹಜ. ನಿಮ್ಮ ಮಗ ಅದಕ್ಕೆ ತಿರುಗಿ ನಿಂತಿದ್ದಾನೆ. ತಂಡ ಕೆಳಗಿಳಿದ ಮರುದಿನವೇ ಅದರ ಬಣ್ಣ ತೊಟ್ಟು ಎಲ್ಲರ ಮುಂದೆ ಓಡಾಡುವುದಕ್ಕೆ ಆ ವಯಸ್ಸಿನಲ್ಲಿ ಧೈರ್ಯ ಬೇಕು. ಒಂದು ರಾತ್ರಿ ಊಟ ಬಿಟ್ಟು ಅತ್ತಿದ್ದು ಕಾಯಿಲೆಯಲ್ಲ. ಮನಸ್ಸಿಟ್ಟವರಿಗೆ ನೋವಾಗುತ್ತದೆ.

‘ಗಲ್ಲಿ ಟೀಮು’ ಎಂಬ ಮಾತು ನಿಮ್ಮ ಮನೆಯಲ್ಲಿ ಇನ್ನು ಬೇಡ. ಬೆಂಗಳೂರಿನ ಫುಟ್‌ಬಾಲ್ ಹುಟ್ಟಿದ್ದೇ ಇಂಥ ಬಡಾವಣೆಗಳಲ್ಲಿ, ಕಾರ್ಖಾನೆಗಳಲ್ಲಿ, ದಂಡಿನ ಮೈದಾನಗಳಲ್ಲಿ. ಬ್ರಿಟಿಷ್ ಪಡೆಗಳೇ ಗೆದ್ದುಕೊಂಡು ಬರುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಭಾರತೀಯ ತಂಡವೊಂದು ಮೊದಲ ಬಾರಿ ಎತ್ತಿತು. ಅದು ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1-2ರಿಂದ ಸೋತ ಪಂದ್ಯದಲ್ಲಿ ಭಾರತದ ಆ ಒಂದು ಗೋಲು ಹೊಡೆದವರು ಮೈಸೂರು ಸಂಸ್ಥಾನದ ಆಟಗಾರ ಎಸ್. ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್‌ಗೆ ಹೋಗಿ ಹತ್ತು ವರ್ಷ ಆ ಊರನ್ನು ಆಳಿದರು. ಮೈಸೂರು ತಂಡ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ತಂದಿದೆ. ನಿಮ್ಮ ಮಗ ಹೋಗಿ ಕೂರುತ್ತಿರುವುದು ಈ ಪರಂಪರೆಯ ಕಟ್ಟಕಡೆಯ ಬೆಂಚಿನಲ್ಲಿ. ಆದರೆ ಬೆಂಚು ಅದೇ.

ಕೆಳಗೆ ಬೀಳುವುದೂ ಇಲ್ಲಿ ಹೊಸದಲ್ಲ. ಎಚ್‌ಎಎಲ್ ತಂಡ 2011-12ರಲ್ಲಿ ಐ-ಲೀಗಿನಿಂದ ಕೆಳಗಿಳಿಯಿತು. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಮೇಲೆ ಹೋಯಿತು, ಒಂದೇ ಋತುವಿನಲ್ಲಿ ಮತ್ತೆ ಕೆಳಗೆ ಬಂತು. ಸ್ಕಾಟ್ಲೆಂಡಿನಲ್ಲಿ ಈಸ್ಟ್ ಸ್ಟರ್ಲಿಂಗ್‌ಶೈರ್ ಎಂಬ ಕ್ಲಬ್ಬಿದೆ. 2003ರಿಂದ 2007ರವರೆಗೆ ಸತತ ಐದು ವರ್ಷ ಅದು ನಾಲ್ಕನೇ ಹಂತದ ಡಿವಿಷನ್ನಿನ ಕೊಟ್ಟಕೊನೆಯ ಸ್ಥಾನದಲ್ಲೇ ಮುಗಿಸಿತು. ಆಗಲೂ ಅದರ ಅಭಿಮಾನಿಗಳು ಶನಿವಾರ ಬಂದರೆ ಮೈದಾನಕ್ಕೆ ಹೋಗುತ್ತಿದ್ದರು. ಇಷ್ಟು ದೂರ ಯಾಕೆ, 2008ರಿಂದ 2025ರ ಜೂನ್ 3ರವರೆಗೆ ಹದಿನೆಂಟು ಐಪಿಎಲ್‌ಗಳ ಕಾಲ ಒಂದು ಕಪ್ಪಿಗೆ ಕಾದವರು ನಿಮ್ಮ ಮನೆಯಲ್ಲೇ ಇದ್ದಾರಲ್ಲ. 2009, 2011, 2016ರ ಫೈನಲ್‌ಗಳನ್ನು ಸೋತಾಗ ‘ಬೇರೆ ತಂಡ ನೋಡಿಕೋ’ ಅಂತ ಯಾರಾದರೂ ಹೇಳಿದ್ದರೆ ಅವರಿಗೆ ಹೇಗಾಗುತ್ತಿತ್ತು ಎಂದು ಕೇಳಿ. ಚುಚ್ಚುವ ದನಿಯಲ್ಲಿ ಬೇಡ, ನಿಜವಾಗಿ ತಿಳಿದುಕೊಳ್ಳುವ ಹಾಗೆ ಕೇಳಿ. ಮಗನಿಗೆ ಬಂದಿರುವುದು ಅಪ್ಪನ ಗುಣವೇ.

ಬಿಎಫ್‌ಸಿ, ಅಂದರೆ ಬೆಂಗಳೂರು ಎಫ್‌ಸಿ, ಒಳ್ಳೆಯ ಕ್ಲಬ್ಬು. 2013ರಲ್ಲಿ ಹುಟ್ಟಿ ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದು ಈ ಊರಿಗೆ ಫುಟ್‌ಬಾಲನ್ನು ಮತ್ತೆ ನೆನಪಿಸಿದ ಕ್ಲಬ್ಬು. ಅದರ ಪಂದ್ಯಕ್ಕೂ ಹೋಗಲಿ. ಆದರೆ ಕಂಠೀರವದಲ್ಲಿ ಅವನು ಸಾವಿರಾರು ಜನರಲ್ಲಿ ಒಬ್ಬ. ಐವತ್ತು ಜನರ ನಡುವೆ ಅವನು ಬರದಿದ್ದರೆ ‘ಯಾಕೋ ಇವತ್ತು ಕಾಣ್ತಿಲ್ಲ’ ಎಂದು ಕೇಳುವವರಿರುತ್ತಾರೆ. ಗೋಲ್‌ಕೀಪರ್ ಹೆಸರು ಹಿಡಿದು ಕರೆಯುತ್ತಾನೆ. ಮಾರ್ಕ್ಸು, ಸಿಇಟಿ, ರ್‍ಯಾಂಕು ಅಂತ ಎಲ್ಲರೂ ಅವನನ್ನು ತೂಗುತ್ತಿರುವ ಈ ವರ್ಷದಲ್ಲಿ ಏನೂ ಗೆದ್ದು ತೋರಿಸದೆ ಸೇರಿಸಿಕೊಳ್ಳುವ ಒಂದು ಜಾಗ ಅವನಿಗಿದೆ. ಅದನ್ನು ಕಿತ್ತುಕೊಂಡರೆ ಆ ಖಾಲಿಯನ್ನು ಮೊಬೈಲು ತುಂಬುತ್ತದೆ.

ಇನ್ನು ಆ ಸಿಟ್ಟಿನ ವಿಚಾರ. ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿದ್ದು ಒಡೆದ ತುಟಿಗಿಂತ ಮಾತು ಬಿಟ್ಟ ಗೆಳೆಯ.

2023ರ ಮಾರ್ಚ್ 3ರಂದು ಕಂಠೀರವದಲ್ಲಿ ಬಿಎಫ್‌ಸಿಯ ಸುನಿಲ್ ಛೆಟ್ರಿ ಹೊಡೆದ ಫ್ರೀಕಿಕ್ ಗೋಲನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದಾಗ ಎರಡೂ ಕಡೆಯವರು ತಿಂಗಳುಗಟ್ಟಲೆ ಬೈದಾಡಿದರು. ಆದರೆ ಬೈದವರಲ್ಲಿ ಬಹುಪಾಲು ಜನ ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಕೆಳಗಿನ ಡಿವಿಷನ್ನಿನ ಹಗೆ ಹಾಗಲ್ಲ. ಅಲ್ಲಿ ಎದುರಾಳಿ ಅಂದರೆ ಒಂದೇ ಬಸ್ ಸ್ಟಾಪಿನವನು, ಒಂದೇ ಬೆಂಚಿನವನು. ಈ ವರ್ಷ ಆ ತಂಡದಲ್ಲಿದ್ದ ಆಟಗಾರ ಮುಂದಿನ ವರ್ಷ ಈ ತಂಡಕ್ಕೆ ಬಂದಿರುತ್ತಾನೆ. ಹತ್ತಿರದವರ ಜಗಳ ಹೆಚ್ಚು ಸುಡುತ್ತದೆ. ಅದನ್ನು ಆರಿಸುವುದೂ ಹತ್ತಿರದವರಿಗೇ ಸುಲಭ.

ಸ್ಕಾಟ್ಲೆಂಡಿನ ಡಂಡೀ ಊರಿನಲ್ಲಿ ಡಂಡೀ ಮತ್ತು ಡಂಡೀ ಯುನೈಟೆಡ್ ಎಂಬ ಎರಡು ಕ್ಲಬ್ಬುಗಳ ಸ್ಟೇಡಿಯಂಗಳು ಒಂದೇ ರಸ್ತೆಯಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಕೂಗಳತೆ. ಎರಡೂ ಕೆಳಗಿನ ಡಿವಿಷನ್ನಿಗೆ ಬಿದ್ದು ಎದ್ದಿವೆ. ಒಂದೇ ಮನೆಯಲ್ಲಿ ಅಪ್ಪ ಒಂದು ಕಡೆ, ಮಗ ಇನ್ನೊಂದು ಕಡೆ ಇರುವುದು ಅಲ್ಲಿ ಮಾಮೂಲು. ಪಂದ್ಯದ ದಿನ ರೇಗಿಸುತ್ತಾರೆ, ರಾತ್ರಿ ಒಟ್ಟಿಗೆ ಉಣ್ಣುತ್ತಾರೆ. ಕೋಲ್ಕತ್ತ ಎರಡು ಬಗೆಯ ದಿನಗಳನ್ನೂ ಕಂಡಿದೆ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ನಡೆದ ಗಲಭೆ, ನೂಕುನುಗ್ಗಲಿನಲ್ಲಿ 16 ಜನ ಸತ್ತರು. 2024ರ ಆಗಸ್ಟ್ 18ರಂದು, ಆರ್.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಕೊಲೆಯ ನಂತರ, ಇವರಿಬ್ಬರ ಡ್ಯುರಾಂಡ್ ಕಪ್ ಪಂದ್ಯ ರದ್ದಾದಾಗ ಅದೇ ಎರಡು ಕ್ಲಬ್ಬುಗಳ ಅಭಿಮಾನಿಗಳು ಸಾಲ್ಟ್ ಲೇಕ್ ಸ್ಟೇಡಿಯಂ ಹೊರಗೆ ಹೆಗಲಿಗೆ ಹೆಗಲು ಕೊಟ್ಟು ನಿಂತು ನ್ಯಾಯ ಕೇಳಿದರು. ತಮ್ಮ ಬಣ್ಣವನ್ನು ಯಾರೂ ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ. ಈ ಎರಡು ದಿನಗಳ ಕಥೆಯನ್ನೂ ಮಗನಿಗೆ ಹೇಳಿ. ಅವನು ಉಪದೇಶ ಕೇಳದಿದ್ದರೂ ಫುಟ್‌ಬಾಲ್ ಕಥೆ ಕೇಳುತ್ತಾನೆ.

ಇಬ್ಬರನ್ನೂ ಕೂರಿಸಿ ‘ಕೈ ಕುಲುಕಿ’ ಅನ್ನಲು ಹೋಗಬೇಡಿ. ಮುಜಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲಿ ಅಮೆರಿಕದ ಒಕ್ಲಹೋಮದ ಬೇಸಿಗೆ ಶಿಬಿರದಲ್ಲಿ ಹುಡುಗರ ಎರಡು ಗುಂಪು ಮಾಡಿ ಪಂದ್ಯಗಳಿಗೆ ಬಿಟ್ಟರು. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು. ಆಮೇಲೆ ರಾಜಿಗೆಂದು ಒಟ್ಟಿಗೆ ಊಟಕ್ಕೆ ಕೂರಿಸಿದರೆ ಊಟವನ್ನೇ ಎರಚಾಡಿದರು. ಶಿಬಿರದ ನೀರು ನಿಂತುಹೋಗಿ ಎಲ್ಲರೂ ಸೇರಿ ಕಾರಣ ಹುಡುಕಬೇಕಾಗಿ ಬಂದಾಗ, ಕೆಟ್ಟು ನಿಂತ ಲಾರಿಯನ್ನು ಎಲ್ಲರೂ ಸೇರಿ ಎಳೆಯಬೇಕಾಗಿ ಬಂದಾಗ ಹಗೆ ಕರಗತೊಡಗಿತು. ನಿಮ್ಮ ಹುಡುಗರಿಗೂ ಬೇಕಾದದ್ದು ಸೇರಿ ಮಾಡುವ ಒಂದು ಕೆಲಸ. ಎರಡೂ ಕ್ಲಬ್ಬಿನ ಹಿರಿಯರನ್ನು ಹಿಡಿಯಿರಿ. ಇಂಥ ಕ್ಲಬ್ಬುಗಳನ್ನು ಕೈಯಿಂದ ದುಡ್ಡು ಹಾಕಿ ನಡೆಸುವ ಕೋಚು, ಕಾರ್ಯದರ್ಶಿಗಳಿಗೆ ಈ ಹುಡುಗರ ಮೇಲೆ ನಿಮಗಿಲ್ಲದ ಹಿಡಿತ ಇರುತ್ತದೆ. ಏರಿಯಾದ ಚಿಕ್ಕ ಮಕ್ಕಳಿಗೆ ಒಂದು ಭಾನುವಾರ ಪಂದ್ಯ ಇಟ್ಟು, ಗೆರೆಗೆ ಸುಣ್ಣ ಹಾಕುವುದು, ನೀರು ಕೊಡುವುದು, ಲೈನ್ಸ್‌ಮನ್ ಬಾವುಟ ಹಿಡಿಯುವುದನ್ನು ಇವರಿಬ್ಬರಿಗೂ ವಹಿಸಲಿ. ಮಾತು ಆಡಲೇಬೇಕಾಗುತ್ತದೆ. ಮೊದಲು ಬರೀ ಕೆಲಸದ ಮಾತು ಇರಲಿ, ಸಾಕು.

ಹೊಡೆದಾಟಕ್ಕೆ ಮಾತ್ರ ರಿಯಾಯಿತಿ ಬೇಡ. ಯಾರು ಶುರು ಮಾಡಿದರು ಎಂಬ ವಿಚಾರಣೆಯಲ್ಲಿ ಸಮಯ ಕಳೆಯಬೇಡಿ. ಇನ್ನೊಮ್ಮೆ ಕೈ ಎತ್ತಿದರೆ ಆ ಋತುವಿನ ಪಂದ್ಯಗಳು ಮುಗಿದವು ಎಂದು ಒಂದೇ ಮಾತಿನಲ್ಲಿ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ವಿಷಲ್ ಊದಿದ ಮೇಲೆ ಸ್ಟೇಡಿಯಂ ಹಿಂದೆ ನಿಲ್ಲದೆ ಕ್ಲಬ್ಬಿನ ದೊಡ್ಡವರ ಜೊತೆ ನೇರ ಬಸ್ಸಿಗೆ ಬರಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಹೊರಗೆ 11 ಜನ ನೂಕುನುಗ್ಗಲಿಗೆ ಸಿಕ್ಕಿ ಸತ್ತ ಮೇಲೆ ಈ ಊರಿನ ಯಾವ ತಾಯಿಗೂ ನಿಮ್ಮಂಥ ಭಯ ಸಹಜ. ಐವತ್ತು ಜನರ ಪಂದ್ಯದಲ್ಲಿ ಆ ಅಪಾಯ ಇಲ್ಲ. ಇರುವುದು ಹೊರಗಿನ ಹತ್ತು ನಿಮಿಷದ ಅಪಾಯ, ಅದನ್ನು ತಪ್ಪಿಸಬಹುದು.

ಯಜಮಾನರು ಒಂದು ಪಂದ್ಯಕ್ಕೆ ಅವನ ಜೊತೆ ಹೋಗಲಿ. ನೀವೂ ಹೋಗಿ, ಹೆಂಗಸರು ಹೋಗುವ ಜಾಗವೇ ಅದು. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ಬಿನ ಮಹಿಳಾ ತಂಡ 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗಿನ ಫೈನಲ್‌ವರೆಗೆ ಆಡಿದೆ. ಆಟ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಅವನೇ ವಿವರಿಸಲಿ. ಮಾತು ಬಿಟ್ಟ ಮಗ ಆಫ್‌ಸೈಡ್ ಎಂದರೇನು ಅಂತ ಅಪ್ಪನಿಗೆ ಹೇಳಿಕೊಡಬೇಕಾಗಿ ಬಂದರೆ ಮಾತು ಶುರುವಾಗಿಯೇ ಆಗುತ್ತದೆ.

ಓದಿನ ಬಗ್ಗೆ ಒಪ್ಪಂದ ಮಾಡಿಕೊಳ್ಳಿ. ಕೆಳಗಿನ ಡಿವಿಷನ್ ಪಂದ್ಯಗಳು ಎಷ್ಟೋ ಸಲ ವಾರದ ದಿನ ಮಧ್ಯಾಹ್ನವೇ ಇರುತ್ತವೆ. ಕ್ಲಾಸು ತಪ್ಪಿಸುವಂತಿಲ್ಲ, ಜನವರಿಯಿಂದ ಬೋರ್ಡ್ ಪರೀಕ್ಷೆ ಮುಗಿಯುವವರೆಗೆ ಭಾನುವಾರದ ಪಂದ್ಯ ಮಾತ್ರ ಅಂತ ಅವನೇ ಬರೆದು ಗೋಡೆಗೆ ಅಂಟಿಸಲಿ. ಇನ್ನೊಂದು ವಿಚಾರ ಸಮಾಧಾನವಾಗಿ ಕೇಳಿ ತಿಳಿದುಕೊಳ್ಳಿ: ಪಂದ್ಯದ ಮೇಲೆ ದುಡ್ಡು ಕಟ್ಟುವ ಹುಡುಗರು ಅವನ ಸುತ್ತ ಇದ್ದಾರೆಯೇ? ಇದ್ದರೆ ಆ ಸಹವಾಸ ತಕ್ಷಣ ನಿಲ್ಲಬೇಕು. ಊಟ, ನಿದ್ದೆ ವಾರಗಟ್ಟಲೆ ಕೆಟ್ಟರೆ, ಕಾಲೇಜಿಗೆ ಹೋಗುವುದೇ ಬೇಡ ಅನ್ನತೊಡಗಿದರೆ ಆಗ ಅದು ಫುಟ್‌ಬಾಲಿನ ವಿಷಯ ಅಲ್ಲ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಇದೆಲ್ಲಕ್ಕಿಂತ ಮೊದಲು ಇವತ್ತು ಸಂಜೆಯೇ ಆ ಹುಡುಗನ ತಾಯಿಗೆ ಫೋನ್ ಮಾಡಿ. ಯಾರ ಮಗನದು ತಪ್ಪು ಅನ್ನುವ ಮಾತು ಎತ್ತಬೇಡಿ. ಹುಡುಗ ಮನೆಗೆ ಬಾರದೆ ಎಷ್ಟು ದಿನವಾಯಿತು, ನಮಗೆ ಬೇಸರವಾಗಿದೆ ಎಂದು ಹೇಳಿ. ಬಹುಶಃ ಅವರೂ ನಿಮ್ಮ ಹಾಗೆಯೇ ಫೋನ್ ಹಿಡಿದು ಯೋಚಿಸುತ್ತಿರುತ್ತಾರೆ.