ಗಾಯ ಮಾಗಿದ ಮೇಲೂ ಮಗು ಬೆಚ್ಚಿಬೀಳುತ್ತಿದೆಯೇ?

ಮುಂಬಯಿಯ ಚಾಳುಗಳಲ್ಲಿ ಅಡುಗೆ, ಓದು, ಆಟ ಎಲ್ಲವೂ ಒಂದೇ ಖೋಲಿಯಲ್ಲಿ. ಕುದಿಯುವ ನೀರು ಮೈಮೇಲೆ ಚೆಲ್ಲಿಕೊಂಡ ಮಗು ಆಸ್ಪತ್ರೆಯಿಂದ ಮರಳುವುದೂ ಅದೇ ಒಲೆಯ ಪಕ್ಕಕ್ಕೆ. ಕುಕ್ಕರ್ ಕೂಗಿದಾಗ ಅದು ಬೆಚ್ಚಿದರೆ ಹಠವೆಂದು ಗದರಬೇಡಿ. ಮೊದಲ ಕೆಲವು ವಾರ ಕೆಟ್ಟ ಕನಸು, ಹಾಸಿಗೆ ಒದ್ದೆ ಮಾಡುವುದು, ಅಮ್ಮನ ಸೆರಗು ಬಿಡದಿರುವುದು ಸಾಮಾನ್ಯ.

ಮೊದಲು ನಿಜ ಹೇಳಿ. ‘ಏನೂ ನೋಯುವುದಿಲ್ಲ’ ಎಂದು ಪುಸಲಾಯಿಸಿ ಡ್ರೆಸ್ಸಿಂಗ್‌ಗೆ ಕರೆದೊಯ್ದರೆ ಮುಂದಿನ ಸಲ ಮಗು ನಿಮ್ಮನ್ನೇ ನಂಬುವುದಿಲ್ಲ. ‘ಸ್ವಲ್ಪ ಉರೀತದೆ ಮಗಾ, ನಾನು ಕೈ ಹಿಡ್ಕೊಂಡೇ ಇರ್ತೇನೆ’ ಎನ್ನಿ. ಮೊಬೈಲಿನಲ್ಲಿ ಯಾವ ಹಾಡು ಹಾಕಬೇಕು, ಯಾರ ಮಡಿಲಲ್ಲಿ ಕೂರಬೇಕು ಎಂಬುದನ್ನು ಅದೇ ತೀರ್ಮಾನಿಸಲಿ. ನೋವಿನ ನಡುವೆ ಅಷ್ಟಾದರೂ ಅದರ ಕೈಯಲ್ಲಿರಬೇಕು.

ಆಮೇಲೆ, ದೂರುವುದನ್ನು ನಿಲ್ಲಿಸಿ. ‘ನೀನು ನೋಡ್ಕೊಳ್ಳಬೇಕಿತ್ತು’ ಎಂದು ಅಜ್ಜಿ ಸೊಸೆಗೆ ಹೇಳಿದ ಮಾತು ಮೂಲೆಯಲ್ಲಿ ಮಲಗಿದ ಮಗುವಿಗೂ ಕೇಳಿಸುತ್ತದೆ. ಜಗಳಕ್ಕೆ ತಾನೇ ಕಾರಣ ಎಂದುಕೊಳ್ಳುತ್ತದೆ. ಊರಿನಿಂದ ಫೋನ್ ಮಾಡಿದವರಿಗೆಲ್ಲ ಅದರ ಎದುರೇ ಕಥೆ ಹೇಳಬೇಡಿ. ಅವಘಡವನ್ನು ಕಣ್ಣಾರೆ ಕಂಡ ಅಣ್ಣನನ್ನೋ ಅಕ್ಕನನ್ನೋ ಹತ್ತಿರ ಕೂರಿಸಿಕೊಂಡು ಮಾತಾಡಿಸಿ. ಅವರ ಅಳಲನ್ನು ಕೇಳುವವರೇ ಇರುವುದಿಲ್ಲ.

ಶಾಲೆಗೆ ಕಳಿಸುವ ಮುನ್ನ ಟೀಚರನ್ನು ಕಂಡು ಬನ್ನಿ. ಕಲೆ ನೋಡಿ ಕೇಳುವವರಿಗೆ ಒಂದು ಸಣ್ಣ ಉತ್ತರ ಮನೆಯಲ್ಲೇ ರೂಢಿಯಾಗಲಿ: ‘ಸುಟ್ಟಿತ್ತು, ಈಗ ವಾಸಿಯಾಗ್ತಿದೆ.’ ರೈಲಿನಿಂದ ಬಿದ್ದ ಮಗುವಾದರೆ ಗರ್ದಿಯಿಲ್ಲದ ಹೊತ್ತಿನಲ್ಲಿ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಸುಮ್ಮನೆ ಕೂತು ಬನ್ನಿ. ಅದು ಒಪ್ಪಿದ ಮೇಲೆ ಒಂದೇ ಸ್ಟೇಷನ್‌ವರೆಗೆ ಹೋಗಿ.

ದೊಡ್ಡ ಗಾಯಕ್ಕೆ ವರ್ಷಗಳೇ ಬೇಕು. 2014ರ ಜನವರಿಯಲ್ಲಿ ಘಾಟ್‌ಕೋಪರ್ ನಿಲ್ದಾಣದಲ್ಲಿ ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಗೆ ಜಾರಿ ಎರಡೂ ಕೈ ಕಳೆದುಕೊಂಡ ಕಾಲೇಜು ಹುಡುಗಿಗೆ ದಾನಿಯ ಕೈಗಳನ್ನು ಜೋಡಿಸಿದ್ದು 2020ರ ಆಗಸ್ಟ್‌ನಲ್ಲಿ. ಇಷ್ಟು ಕಾಲದ ಭಾರವನ್ನು ತಾಯಿಯೊಬ್ಬಳ ಮೇಲೆ ಹೊರಿಸುವುದು ಅನ್ಯಾಯ. ಹೋಟೆಲಿನಲ್ಲಿ ದುಡಿಯುವ ಅಪ್ಪನೂ ವಾರದ ರಜೆಯ ದಿನ ಮಗುವಿನ ಬಳಿ ಇದ್ದು ಅವಳಿಗೆ ನಿದ್ದೆ ಮಾಡಲು ಬಿಡಲಿ. ಕೃತಕ ಕೈಕಾಲು, ವ್ಯಾಯಾಮ ಚಿಕಿತ್ಸೆಗೆ ಹಾಜಿ ಅಲಿಯಲ್ಲಿ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆ ಇದೆ.

ಒಂದು ತಿಂಗಳಾದರೂ ಭಯ ಇಳಿಯದಿದ್ದರೆ, ಊಟ, ನಿದ್ದೆ, ಆಟ ಬಿಟ್ಟರೆ ಕೆಇಎಂ, ಸಯನ್ ಅಥವಾ ನಾಯರ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಡಿಸ್ಚಾರ್ಜ್ ಕಾಗದದೊಂದಿಗೆ ಹೋಗಿ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ. ಭಾಷೆಯ ಆಯ್ಕೆಯಲ್ಲಿ ಕನ್ನಡವೂ ಇದೆ. ತಾಯಿ ತಂದೆ ತಮ್ಮ ಸಂಕಟಕ್ಕೂ ಕರೆ ಮಾಡಬಹುದು.