ಕೊಟ್ಟಿಗೆಯನ್ನು ಮನೆ ಮಾಡುವುದು ಹೇಗೆ?

ಮಲೆನಾಡು, ಕರಾವಳಿಯ ಎಷ್ಟೋ ಮನೆಗಳ ಹಿತ್ತಲಲ್ಲಿ ಈಗ ದನಗಳಿಲ್ಲದ ಕೊಟ್ಟಿಗೆಯೊಂದು ನಿಂತಿರುತ್ತದೆ. ಕೆಂಪುಕಲ್ಲಿನ ಇಲ್ಲವೇ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು, ಒಳಗೆ ಒಣ ಗರಿ, ಮುರಿದ ನೇಗಿಲು. ಅಣ್ಣತಮ್ಮಂದಿರು ಪಾಲಾದಾಗ, ಊರಿಗೆ ಮರಳುವ ಆಸೆ ಹುಟ್ಟಿದಾಗ ಅದರ ಮೇಲೆ ಕಣ್ಣು ಬೀಳುತ್ತದೆ. ಗೋಡೆಯಿದೆ, ಮಾಡಿದೆ, ಬಣ್ಣ ಬಳಿದರೆ ಆಯಿತಲ್ಲ ಎನಿಸುತ್ತದೆ. ಆದರೆ ಅದು ಹತ್ತಾರು ವರ್ಷ ಗಂಜಲ ಕುಡಿದ ನೆಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಸರದಿ ತಪ್ಪಿದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಸುರಿಯಬೇಕಾಗುತ್ತದೆ.

ಹಂತ 1: ಒಂದು ಮಳೆಗಾಲ ಸುಮ್ಮನೆ ನೋಡಿ

ಜುಲೈನ ಜಡಿಮಳೆಯಲ್ಲಿ ಒಳಗೆ ಹೋಗಿ ನಿಲ್ಲಿ. ಎಲ್ಲಿ ಸೋರುತ್ತದೆ, ಯಾವ ಮೂಲೆ ಒದ್ದೆ, ಅಂಗಳದ ನೀರು ಯಾವ ಕಡೆ ಹರಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ತೊಲೆ, ಪಕಾಸುಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಹೋದರೆ ಮರ ಒಳಗೆ ಕೆಟ್ಟಿದೆ ಎಂದೇ ಲೆಕ್ಕ. ಗೋಡೆ ವಾಲಿದ್ದರೆ, ಬೆರಳು ತೂರುವಷ್ಟು ಬಿರುಕಿದ್ದರೆ ಎಂಜಿನಿಯರರಿಗೆ ತೋರಿಸದೆ ಮುಂದುವರಿಯಬೇಡಿ.

ಹಂತ 2: ಕಾಗದಪತ್ರ

ಕೊಟ್ಟಿಗೆ ಇರುವ ಜಾಗ ಪಹಣಿಯಲ್ಲಿ ಕೃಷಿ ಜಮೀನೋ, ಪಂಚಾಯಿತಿ ದಾಖಲೆಯಲ್ಲಿರುವ ಮನೆ ನಿವೇಶನವೋ ಎಂದು ತಿಳಿದುಕೊಳ್ಳಿ. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಬೇಕು. ನಿಮ್ಮ ಜಾಗಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂದು ಗ್ರಾಮ ಆಡಳಿತ ಅಧಿಕಾರಿ ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಬ್ಬರನ್ನೂ ಕೇಳಿ.

ಹಂತ 3: ಮೊದಲ ದುಡ್ಡು ಮಾಡಿಗೆ

ದೀಪಾವಳಿ ಕಳೆದ ಮೇಲೆ ಹೆಂಚು ಇಳಿಸಿ. ಒಂದೊಂದನ್ನೂ ಬೆರಳಿನಿಂದ ತಟ್ಟಿ: ‘ಟಣ್’ ಎಂದರೆ ಗಟ್ಟಿ, ‘ದಬ್’ ಎಂದರೆ ಒಳಗೆ ಸೀಳಿದೆ. ಪಾಚಿ ಉಜ್ಜಿ ತೊಳೆದರೆ ಹಳೆಯ ಹೆಂಚು ಇನ್ನೂ ಬಹುಕಾಲ ಬಾಳುತ್ತದೆ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಕೊರತೆ ಬಿದ್ದರೆ, ಕೆಡವುತ್ತಿರುವ ಹಳೆ ಮನೆಗಳಲ್ಲಿ ವಿಚಾರಿಸಿ. ಆದರೆ ಹೆಂಚಿನ ಮೇಲೆ ಒತ್ತಿರುವ ಕಾರ್ಖಾನೆಯ ಹೆಸರು ನೋಡಿಯೇ ಕೊಳ್ಳಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚು ಮಾಡತೊಡಗಿದ ಮೇಲೆ ಬೇರೆ ಬೇರೆ ಕಾರ್ಖಾನೆಗಳು ಎದ್ದವು. ಒಂದರ ಹೆಂಚು ಇನ್ನೊಂದರ ಹೆಂಚಿಗೆ ಕಚ್ಚಿ ಕೂರದಿದ್ದರೆ ಅಲ್ಲೇ ಸೋರುತ್ತದೆ.

ಕೆಟ್ಟ ರೀಪು, ಪಕಾಸುಗಳನ್ನಷ್ಟೇ ಬದಲಿಸಿ. ಮರಕ್ಕೆ ಗೇರು ಎಣ್ಣೆ ಹಚ್ಚಿದರೆ ಗೆದ್ದಲು ದೂರ. ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ, ಕೈಗವಸು ಹಾಕಿಕೊಳ್ಳಿ. ನಾಲ್ಕಾರು ಗಾಜಿನ ಹೆಂಚು ಸೇರಿಸಿದರೆ ಹಗಲು ದೀಪ ಬೇಡ. ಮಾಡಿಗೆ ಕಲ್ನಾರಿನ ಶೀಟು ಹಾಕಿದ್ದರೆ ಅದನ್ನು ಕೊಯ್ಯಬೇಡಿ, ತೂತು ಕೊರೆಯಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಹಂತ 4: ನೆಲ ಅಗೆಯಿರಿ, ಗೋಡೆ ಒಣಗಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ಗಂಜಲ ಇಂಗಿದ ಮಣ್ಣಿನಲ್ಲಿ ನೈಟ್ರೇಟ್ ಲವಣ ಸೇರುತ್ತದೆ. ಹಿಂದಿನ ಕಾಲದಲ್ಲಿ ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪನ್ನು ಇಂಥ ಮಣ್ಣಿನಿಂದಲೇ ತೆಗೆಯುತ್ತಿದ್ದರು. ಈ ಉಪ್ಪು ತೇವದ ಜೊತೆ ಗೋಡೆಗೆ ಏರಿ, ಬಿಳಿ ಹುಡಿಯಾಗಿ ಉಕ್ಕಿ, ಗಾರೆಯನ್ನು ಉದುರಿಸುತ್ತದೆ.

ಹಾಗಾಗಿ ನೆಲವನ್ನು ಒಂದಡಿಯಷ್ಟು ಅಗೆದು ತೆಗೆಯಿರಿ. ಅಗೆಯುವಾಗ ಗೋಡೆಯ ಪಾಯ ಎಷ್ಟು ಆಳವಿದೆ ನೋಡಿಕೊಳ್ಳಿ, ಅದಕ್ಕಿಂತ ಕೆಳಗೆ ಇಳಿಯಬೇಡಿ. ತೆಗೆದ ಮಣ್ಣನ್ನು ತೆಂಗು, ಅಡಿಕೆಯ ಬುಡಕ್ಕೆ ಹಾಕಿ, ಅದು ಗೊಬ್ಬರ. ಇಟ್ಟಿಗೆಗಾಗಲಿ ಗಾರೆಗಾಗಲಿ ಬಳಸಬೇಡಿ. ಗೋಡೆಯ ಕೆಳಗಿನ ಮೂರಡಿ ಗಾರೆ ಕೆರೆದು, ಒಣ ಬ್ರಷ್ಷಿನಿಂದ ಉಪ್ಪು ಗುಡಿಸಿ. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೆ ಇಳಿಯುತ್ತದೆ. ಬೇಸಗೆಯ ಬಿಸಿಲುಗಾಳಿಗೆ ಎರಡು ಮೂರು ತಿಂಗಳು ಹಾಗೇ ಬಿಡಿ. ಆಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ ಮೆತ್ತಿ. ಸಿಮೆಂಟಿನ ಗಾರೆ ಮಣ್ಣುಗೋಡೆಯ ತೇವವನ್ನು ಒಳಗೇ ಕೂಡಿಹಾಕುತ್ತದೆ. ಸುಣ್ಣ ಅದನ್ನು ಹೊರಬಿಡುತ್ತದೆ.

ಹಂತ 5: ನೀರಿಗೆ ದಾರಿ, ಕಾಲಿಗೆ ನೆಲ

ಹೊರಗೆ ಗೋಡೆಯ ಸುತ್ತ ಇಳಿಜಾರಿನ ಚರಂಡಿ ತೋಡಿ. ಒಳನೆಲ ಅಂಗಳಕ್ಕಿಂತ ಒಂದಡಿಯಾದರೂ ಎತ್ತರವಿರಲಿ. ಹೊಸ ಮಣ್ಣು ತುಂಬಿ ದಮ್ಮಸು ಹೊಡೆದು, ಕಲ್ಲು ಹಾಸಿ, ಮರಳು ಹರಡಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿ ಮೇಲೆ ಕಾಂಕ್ರೀಟು ಸುರಿಯಿರಿ. ಕೊನೆಗೆ ರೆಡ್ ಆಕ್ಸೈಡ್ ನೆಲ ಸಾಕು. ಒಂದು ಕೋಣೆಯನ್ನು ಒಂದೇ ದಿನ ಮುಗಿಸಿದರೆ ತೇಪೆ ಕಾಣದು.

ಹಂತ 6: ಶೌಚಾಲಯ, ಕರೆಂಟು

ಎರಡು ಗುಂಡಿಯ ಶೌಚಾಲಯ ಅಗ್ಗ. ಕೆಂಪುಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುವುದರಿಂದ ಗುಂಡಿ ಬಾವಿಯಿಂದ 15 ಮೀಟರಿಗೂ ದೂರವಿರಲಿ. ಪಂಪ್‌ಸೆಟ್ಟಿನ ಲೈನಿನಿಂದ ತಂತಿ ಎಳೆಯಬೇಡಿ. ಮನೆಗೆ ಬೇರೆ ಮೀಟರು, ಅರ್ಥಿಂಗ್, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಇದರಲ್ಲಿ ಜಿಪುಣತನ ಸಲ್ಲದು.

ಹಂತ 7: ಒಳಗಿನ ವ್ಯವಸ್ಥೆ

ಮಾಡು ತಗ್ಗೆಂದು ಎತ್ತರಿಸಲು ಹೋದರೆ ಉಳಿಸಿದ ಹಣವೆಲ್ಲ ಅಲ್ಲಿಗೇ ಹೋಗುತ್ತದೆ. ತಗ್ಗಿನ ಕಡೆ ಮಂಚ, ಕಪಾಟು ಇಡಿ. ಎತ್ತರದ ನಡುಭಾಗ ಓಡಾಟಕ್ಕಿರಲಿ. ಒಳಗೋಡೆಗಳನ್ನು ಏಳಡಿಗೆ ನಿಲ್ಲಿಸಿದರೆ ಇಟ್ಟಿಗೆಯೂ ಉಳಿಯಿತು, ಮೇಲಿನಿಂದ ಗಾಳಿಯೂ ಆಡಿತು. ಹಳೆ ಮನೆಯ ಬಾಗಿಲು, ಕಿಟಕಿ ಸಿಕ್ಕರೆ ಮೊದಲು ಅವನ್ನು ಕೊಂಡು, ಅವುಗಳ ಅಳತೆಗೆ ಗೋಡೆಯಲ್ಲಿ ಜಾಗ ಬಿಡಿಸಿ.

ಮೇ ಮುಗಿಯುವುದರೊಳಗೆ ಮಾಡು, ಚರಂಡಿ, ಒಂದು ಕೋಣೆ, ಶೌಚಾಲಯ ಆಗಿದ್ದರೆ ವಾಸಕ್ಕೆ ಬನ್ನಿ. ಮಿಕ್ಕಿದ್ದು ಕೈಯಲ್ಲಿ ಕಾಸು ಆಡಿದಂತೆ ಆಗಲಿ. ಆ ಮಳೆಗಾಲ ಕಳೆದು, ಗೋಡೆಯ ಬುಡ ಬಿಳಿಚದೆ ನಿಂತರೆ, ಆಗ ಪೇಟೆಗೆ ಹೋಗಿ ಬಣ್ಣ ತನ್ನಿ.